ಕರೆಂಟ್ ಇಲ್ಲದ ಕಸಿ

ಆಸ್ಪತ್ರೆಯವರು ದಿನ ಎಣಿಸುವ ರೀತಿ ಸುಲಭ. ಕಸಿಯ ದಿನ ಸೊನ್ನೆ. ಅದರ ಹಿಂದಿನವೆಲ್ಲ ಮೈನಸ್, ಮುಂದಿನವೆಲ್ಲ ಪ್ಲಸ್. ನನ್ನ ತಂಗಿಯನ್ನು ಬೆಂಗಳೂರಿನ ಆಸ್ಪತ್ರೆಯ ಒಂಟಿ ಕೋಣೆಗೆ ಸೇರಿಸಿದ್ದು ಮೈನಸ್ ಎಂಟು, ಸೋಮವಾರ. ಅವಳಿಗೆ ಆಗ ಎಂಟು ವರ್ಷ. ನನಗೆ ಹತ್ತೊಂಬತ್ತು, ಚಾಮರಾಜನಗರದಲ್ಲಿ ಬಿ.ಕಾಂ. ಎರಡನೇ ವರ್ಷ. ಹೈಸ್ಕೂಲಿನಿಂದಲೂ ದಿನಚರಿ ಬರೆಯುತ್ತಿದ್ದ ನಾನು ಅಂದಿನಿಂದ ಹೊಸ ಪುಸ್ತಕ ಶುರು ಮಾಡಿದೆ. ಎಡಕ್ಕೆ ದಿನದ ಸಂಖ್ಯೆ, ಆಮೇಲೆ ಬಿಳಿ ರಕ್ತಕಣ, ಜ್ವರ, ತಿಂದದ್ದು, ವಾಂತಿ. ಈ ಪುಸ್ತಕದಲ್ಲಿ ಒಂದೇ ಒಂದು ಸಾಲು ತಪ್ಪಾಗಿದೆ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದೇನೆ. ಆ ತಪ್ಪು ಹೇಗಾಯಿತು ಎಂಬುದನ್ನೂ ಹೇಳಬೇಕು.

ತಂಗಿಗೆ ರಕ್ತದ ಕ್ಯಾನ್ಸರ್ ಮೊದಲು ಬಂದದ್ದು ಐದನೇ ವರ್ಷದಲ್ಲಿ. ಬಿದ್ದ ನೆನಪಿಲ್ಲದಿದ್ದರೂ ಕಾಲಿನ ಮೇಲೆಲ್ಲ ನೀಲಿ ಕಲೆ. ಎರಡೂವರೆ ವರ್ಷ ಔಷಧಿ ನಡೆಯಿತು. ಕೂದಲು ಹೋಗಿ ಮತ್ತೆ ಬಂತು. ಔಷಧಿ ನಿಲ್ಲಿಸಿದ ಏಳನೇ ತಿಂಗಳಿಗೆ ಕಾಯಿಲೆ ಮರಳಿತು. ಈ ಸಲ ಬರೀ ಔಷಧಿ ಸಾಲದು, ರಕ್ತ ಹುಟ್ಟುವ ಮಜ್ಜೆಯನ್ನೇ ಬದಲಾಯಿಸಬೇಕು ಎಂದರು. ಬೇರೆಯವರ ಆಕರ ಕೋಶ, ಅಂದರೆ ರಕ್ತ ಹುಟ್ಟಿಸುವ ಮೂಲ ಕಣ ಬೇಕು, ಅದು ಹೊಂದಬೇಕು. ಅಪ್ಪ ಅಮ್ಮನದು ಅರ್ಧರ್ಧ ಹೊಂದಿತು. ನನ್ನದು ಹತ್ತಕ್ಕೆ ಹತ್ತು.

ಒಪ್ಪಿಗೆ ಪತ್ರದಲ್ಲಿ 'ಅಸ್ಥಿಮಜ್ಜೆ ಕಸಿ' ಎಂದು ಅಚ್ಚಾಗಿತ್ತು. ನಾನು ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಾಗ ಅಜ್ಜಿ, ಅಂದರೆ ಅಪ್ಪನ ಅವ್ವ, ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. ಅಸ್ಥಿ ಅಂದರೆ ಹೊಳೆಗೆ ಬಿಡುವ ಅಸ್ಥಿ. ಬದುಕಿರುವ ಮೊಗಿನ ಮುಂದೆ ಆ ಮಾತು ಆಡಬೇಡ ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಬರೀ 'ಕಸಿ'. ಕಸಿ ಅಂದರೆ ಅಜ್ಜಿಗೆ ಗೊತ್ತು. ಹಿತ್ತಲಿನ ಸಪೋಟ ಕಸಿಯದ್ದೇ.

ಗೊತ್ತಿಲ್ಲದ್ದು ಕರೆಂಟಿನ ವಿಷಯ. ನಮ್ಮ ಕಡೆ ಕ್ಯಾನ್ಸರಿಗೆ ಕೊಡುವ ವಿಕಿರಣವನ್ನು ಯಾರೂ ಹಾಗೆ ಕರೆಯುವುದಿಲ್ಲ, ಕರೆಂಟ್ ಅನ್ನುತ್ತಾರೆ. ಇಂಥವರಿಗೆ ಇಪ್ಪತ್ತು ಕರೆಂಟ್ ಆಯಿತು, ಇನ್ನೈದು ಬಾಕಿ ಎಂದು ಲೆಕ್ಕ ಹೇಳುತ್ತಾರೆ. ಕಸಿಗೆ ಮುಂಚೆ ಹಳೆಯ ಮಜ್ಜೆಯನ್ನು ಖಾಲಿ ಮಾಡಬೇಕು, ಅದಕ್ಕೆ ಎರಡು ದಾರಿ ಇವೆ ಎಂದು ಡಾಕ್ಟರ್ ವಿವರಿಸಿದರು. ಒಂದು, ಮೈಗೆಲ್ಲ ವಿಕಿರಣ ಮತ್ತು ಜೊತೆಗೆ ಔಷಧಿ. ಇನ್ನೊಂದು, ಬರೀ ಔಷಧಿ. ಇವಳ ಬಗೆಯ ಕಾಯಿಲೆಗೆ ಬಹಳ ಕಾಲದಿಂದ ನಂಬಿಕೊಂಡು ಬಂದದ್ದು ಮೊದಲನೆಯ ದಾರಿ. ಆದರೆ ಬೆಳೆಯುವ ಮೈಯಲ್ಲಿ ಅದು ಬಿಟ್ಟುಹೋಗುವ ತೊಂದರೆ ಬಹಳ. ಎತ್ತರ ಬೆಳೆಯುವುದು ನಿಲ್ಲಬಹುದು, ಕಣ್ಣಿಗೆ ಪೊರೆ ಬರಬಹುದು, ಓದು ನಿಧಾನವಾಗಬಹುದು, ಮುಂದೆ ಮಕ್ಕಳಾಗದಿರಬಹುದು, ಎಷ್ಟೋ ವರ್ಷದ ಮೇಲೆ ಇನ್ನೊಂದು ಕ್ಯಾನ್ಸರ್ ಬರಬಹುದು. ಔಷಧಿಯೂ ಸಾಧುವಲ್ಲ, ಆದರೆ ಅದರ ಪಟ್ಟಿ ಇಷ್ಟು ಉದ್ದವಿಲ್ಲ. ಈಗ ಒಂದು ಆಳದ ಪರೀಕ್ಷೆ ಇದೆ, ಸೂಕ್ಷ್ಮದರ್ಶಕಕ್ಕೆ ಕಾಣದ ಕ್ಯಾನ್ಸರ್ ಕಣವನ್ನೂ ಅದು ಹುಡುಕುತ್ತದೆ, ಅದರಲ್ಲಿ ಒಂದೂ ಸಿಗದಿದ್ದರೆ ಅಂಥ ಮಕ್ಕಳಿಗೆ ವಿಕಿರಣ ಬಿಡಬಹುದು ಎಂದು ಹೇಳಿದರು.

ಸಿಗಲಿಲ್ಲ ಅಂದರೆ ಇಲ್ಲವೇ ಇಲ್ಲ ಎಂದು ಅರ್ಥವೇ ಎಂದು ನಾನು ಕೇಳಿದೆ. ಡಾಕ್ಟರ್ ನನ್ನ ಕಡೆ ತಿರುಗಿ, ಹುಡುಕಿದಷ್ಟರಲ್ಲಿ ಇಲ್ಲ ಎಂದಷ್ಟೇ ಅರ್ಥ ಅಂದರು. ಅದನ್ನು ಹಾಗೆಯೇ ಬರೆದುಕೊಂಡೆ.

ವರದಿ ಬರಲು ಹದಿನೇಳು ದಿನ ಹಿಡಿಯಿತು. ಆ ದಿನಗಳಲ್ಲಿ ನಾವು ಗುಂಡ್ಲುಪೇಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದೆವು. ಮಾವ ಅಮ್ಮನಿಗೆ ಅಣ್ಣ, ಕೇರಳಕ್ಕೆ ಹೋಗುವ ತರಕಾರಿ ಲಾರಿಗಳಿಗೆ ಲೋಡು ಮಾಡಿಸುವ ಕೆಲಸ. ದಿನವೂ ಊಟಕ್ಕೆ ಕೂತಾಗ ಅಪ್ಪನಿಗೂ ಅಮ್ಮನಿಗೂ ಅದೇ ಮಾತು. ಕರೆಂಟ್ ಕೊಡಿಸಲೇಬೇಕು ಎಂದು ಅಪ್ಪ ಮಾವನಿಗೆ ಹೇಳುತ್ತಿದ್ದರು.

"ಗರಿಕೆ ಒಂದು ಗಿಣ್ಣು ಉಳುದ್ರೆ ಸಾಕು, ಮುಂದ್ಲ ಬೆಳೆಗೆ ಹೊಲವೆಲ್ಲ ಅದೇಯ. ಬುಡ ಸಮೇತ ತಗೀಬೇಕು ಕಣ ಭಾವ."

ಮಾವ ತಟ್ಟೆಯಿಂದ ತಲೆ ಎತ್ತದೆ, "ಗರಿಕೆ ತಗೀತೀನಿ ಅಂತ ಹೊಲಾನೇ ಸುಟ್ಟಾಕ್ಬುಟ್ರೆ ಬೆಳೆ ಎಲ್ಲಿ ಹಾಕೀಯ?" ಅಂದರು.

ಅಮ್ಮ ಸಾರು ಬಡಿಸುತ್ತಾ, ಇಬ್ಬರೂ ಹೊಲ ಬಿಟ್ಟು ಮೊಗಿನ ವಿಷಯ ಮಾತಾಡಿ ಅಂದರು. ಅಮ್ಮನ ನಿಲುವು ಮೊದಲಿಂದ ಒಂದೇ. ಈ ಹುಡುಗಿ ಬದುಕಬೇಕು, ಬದುಕಿ ಬೆಳೆಯಬೇಕು, ಎರಡೂ ಆಗುವ ದಾರಿ ಇದ್ದರೆ ಅದೇ ಆಗಲಿ. ಅಪ್ಪ ಅದಕ್ಕೆ, ಮೊದಲು ಬದುಕಲಿ, ಬೆಳೆಯೋದು ಆಮೇಲೆ ನೋಡೋಣ ಅಂದರು. ಎರಡೂ ನನಗೆ ಸರಿ ಕಂಡವು. ಪುಟದ ನಡುವೆ ಗೆರೆ ಎಳೆದು ಎರಡೂ ಕಡೆ ಬರೆದು ನೋಡಿದೆ. ಯಾವ ಕಡೆಯೂ ಗೆಲ್ಲಲಿಲ್ಲ.

ವರದಿಯಲ್ಲಿ ಕ್ಯಾನ್ಸರ್ ಕಣ ಪತ್ತೆಯಾಗಿಲ್ಲ ಎಂದಿತ್ತು. ಡಾಕ್ಟರ್ ವಿಕಿರಣ ಬೇಡ ಅಂದರು. ಅಪ್ಪ ಪೆನ್ನನ್ನು ಪತ್ರದ ಮೇಲೆ ಊರಿ ಮತ್ತೆ ಎತ್ತಿದರು. ಕೊನೆಗೆ, "ಮೇಡಂ, ಕರೆಂಟ್ ಬ್ಯಾಡ ಅಂದ್ರೆ ನಾವು ಕಮ್ಮಿ ಮಾಡಿಸ್ದಂಗಾಗಲ್ವ?" ಎಂದು ಕೇಳಿದರು. ಕಮ್ಮಿಯಲ್ಲ, ಇವಳಿಗೆ ಬೇಕಾದಷ್ಟು ಎಂದು ಅವರು ಹೇಳಿದರು. ಹಳೆಯದನ್ನು ಔಷಧಿ ತೆರವು ಮಾಡುತ್ತದೆ, ಆಮೇಲೆ ಕಾವಲಿರುವುದು ನಿಮ್ಮ ದೊಡ್ಡ ಮಗಳ ಕಣ ಎಂದೂ ಸೇರಿಸಿದರು. ಅಪ್ಪ ನನ್ನನ್ನು ಒಂದು ಸಲ ನೋಡಿ ಸಹಿ ಹಾಕಿದರು. ಆ ಸಹಿಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಮುಂದಿನ ಮೂರು ತಿಂಗಳು ಅವರು ತಂಗಿಯ ಪ್ರತಿ ಕೆಮ್ಮನ್ನೂ ಆ ಸಹಿಗೆ ಗಂಟು ಹಾಕಿ ನೋಡುತ್ತಿದ್ದರು.

ಊರಿನಲ್ಲಿ ಸುದ್ದಿ ಹರಡಿದ್ದು ಅಜ್ಜಿಯಿಂದ. ಕರೆಂಟ್ ಇಲ್ಲದೆ ಕಸಿ ಮಾಡುತ್ತಾರಂತೆ ಎಂದು ಅವರು ಹೇಳಿಕೊಂಡು ಬಂದರು. ನಮ್ಮದು ಚಂದಕವಾಡಿ ಹೋಬಳಿಯ ಹಳ್ಳಿ. ಪಂಪ್‌ಸೆಟ್ಟಿಗೆ ಮೂರು ಫೇಸ್ ಯಾವಾಗ ಬರುತ್ತದೆ ಎಂದು ಎಲ್ಲರೂ ಕಾಯುವ ಜಾಗ. ಪಕ್ಕದ ಮನೆಯಾಕೆ ನನ್ನನ್ನು ತಡೆದು ನಿಲ್ಲಿಸಿ, ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಜನರೇಟರ್ ಇಲ್ಲವೇನಮ್ಮಿ ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಜೊತೆಗೆ, ಬೆನ್ನುಮೂಳೆ ನೀರು ತೆಗೆದರೆ ಮುಂದೆ ಹೆರಿಗೆಗೆ ಕಷ್ಟ, ಯೋಚನೆ ಮಾಡು ಎಂದೂ ಹೇಳಿದರು.

ನನ್ನ ಬೆನ್ನುಮೂಳೆಯನ್ನು ಯಾರೂ ಮುಟ್ಟಲಿಲ್ಲ. ಮೈನಸ್ ನಾಲ್ಕರಿಂದ ನನಗೆ ದಿನವೂ ಒಂದು ಇಂಜೆಕ್ಷನ್. ಮೂರನೆಯ ದಿನ ಸೊಂಟ, ತೊಡೆ, ಎದೆಗೂಡು ಎಲ್ಲ ಒಳಗಿನಿಂದ ನೋಯತೊಡಗಿದವು. ಕೋಶಗಳು ಮಜ್ಜೆಯಿಂದ ಹೊರಟು ರಕ್ತಕ್ಕೆ ಬರುತ್ತಿವೆ ಅಂದರು. ಸೊನ್ನೆಯ ದಿನ, ಮಂಗಳವಾರ, ಎರಡೂ ತೋಳಿಗೆ ಸೂಜಿ ಚುಚ್ಚಿ ಯಂತ್ರದ ಪಕ್ಕ ಮಲಗಿಸಿದರು. ಒಂದು ತೋಳಿನಿಂದ ರಕ್ತ ಹೋಗಿ, ಬೇಕಾದದ್ದನ್ನು ಯಂತ್ರ ಇಟ್ಟುಕೊಂಡು, ಉಳಿದದ್ದು ಇನ್ನೊಂದು ತೋಳಿಗೆ ವಾಪಸು. ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಮೂಗು ತುರಿಸಿದರೆ ಕೆರೆದುಕೊಳ್ಳಲು ಆಗುವುದಿಲ್ಲ, ಅದೇ ದೊಡ್ಡ ಕಷ್ಟ. ಸಂಜೆ ಮಾಗಿದ ಟೊಮೆಟೊ ತಿಳಿಯಂಥ ಬಣ್ಣದ ಒಂದು ಚೀಲ ತಂಗಿಯ ಕೋಣೆಗೆ ಹೋಯಿತು. ಅವಳ ಎದೆಗೆ ಹಾಕಿದ್ದ ನಳಿಕೆಯಿಂದ ಅದು ಇಳಿಯಲು ಐವತ್ತು ನಿಮಿಷ. ಗಾಜಿನ ಆಚೆಯಿಂದ ನಾನು ನೋಡುತ್ತಿದ್ದೆ. ಆಪರೇಷನ್ ಎಂದುಕೊಂಡು ಉಪವಾಸವಿದ್ದ ಅಜ್ಜಿಗೆ ಫೋನ್ ಮಾಡಿ, ಗ್ಲೂಕೋಸ್ ಹಾಕಿದ ಹಾಗೇ ಆಯಿತು, ಊಟ ಮಾಡಿ ಅಂದೆ.

ಕೋಣೆಯಲ್ಲಿ ತಂಗಿಯ ಜೊತೆ ಒಬ್ಬರೇ ಇರಬಹುದಿತ್ತು, ಅಮ್ಮ ಇದ್ದರು. ಒಳಗೆ ಹೋಗುವ ಮುಂಚೆ ಚಪ್ಪಲಿ ಬದಲಿಸು, ಕೈ ತೊಳೆ, ಗೌನು ತೊಡು, ಮಾಸ್ಕ್ ಹಾಕು ಎಂದು ನರ್ಸ್ ಹೇಳಿಕೊಟ್ಟಾಗ ಅಮ್ಮನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ನಮ್ಮದು ರೇಷ್ಮೆ ಮನೆ. ಹುಳು ಸಾಕುವ ಕೋಣೆಗೆ ಬ್ಲೀಚಿಂಗ್ ಪುಡಿ ನೀರಿನಲ್ಲಿ ಕಾಲದ್ದದೆ ಯಾರೂ ಕಾಲಿಡುವುದಿಲ್ಲ. ಊರ ಗೌಡರೇ ಬಂದರೂ ಬಾಗಿಲಲ್ಲೇ ನಿಲ್ಲಿಸುವ ಅಭ್ಯಾಸ ಅಮ್ಮನಿಗಿದೆ.

ಪ್ಲಸ್ ಮೂರಕ್ಕೆ ನಾನು ಊರಿಗೆ ಬಂದೆ. ಕಾಲೇಜಿನಲ್ಲಿ ಇಂಟರ್ನಲ್ ಪರೀಕ್ಷೆ ಇತ್ತು. ಪ್ಲಸ್ ಏಳಕ್ಕೆ ಅಪ್ಪನೂ ಬಂದರು. ಮೊದಲೇ ಹೇಳಿಟ್ಟಿದ್ದ ಮರಿಹುಳು ಮನೆಗೆ ಬಂದಿತ್ತು, ಅಜ್ಜಿ ಒಬ್ಬರೇ ಹಿಪ್ಪುನೇರಳೆ ಸೊಪ್ಪು ಕೊಯ್ದು ಸಾಕುವುದು ಆಗುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಅಮ್ಮ ಫೋನ್ ಮಾಡಿ ಆ ದಿನದ ಬಿಳಿ ಕಣದ ಎಣಿಕೆ ಹೇಳುತ್ತಿದ್ದರು. ಪ್ಲಸ್ ನಾಲ್ಕು, ಅರವತ್ತು. ಪ್ಲಸ್ ಐದು, ನಲವತ್ತು. ಪ್ಲಸ್ ಆರು, ಇಪ್ಪತ್ತು. ಪ್ಲಸ್ ಏಳು, ಇಪ್ಪತ್ತು. ಅದು ಐನೂರು ದಾಟಿ ಮೂರು ದಿನ ನಿಂತರೆ ಕಸಿ ಹಿಡಿಯಿತು ಎಂದು ಲೆಕ್ಕ. ತಂಗಿಯ ಬಾಯೆಲ್ಲ ಹುಣ್ಣಾಗಿತ್ತು. ಉಗುಳನ್ನೂ ನುಂಗಲಾಗದೆ ಬಟ್ಟಲಿಗೆ ಬಿಡುತ್ತಿದ್ದಳು. ಪ್ಲಸ್ ಎಂಟಕ್ಕೆ ಸಣ್ಣ ಜ್ವರ.

ಇನ್ನು ಆ ತಪ್ಪಿನ ಸಾಲು.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ಕಳಚುವ ಮುಂಚೆ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ಕೂರುತ್ತದೆ. ಇದಕ್ಕೆ ನಾವು ಜ್ವರ ಅನ್ನುತ್ತೇವೆ. ಹುಳು ಜ್ವರಕ್ಕೆ ಕೂತವೆ ಅಂದರೆ ಯಾರೂ ಗಾಬರಿಯಾಗುವುದಿಲ್ಲ. ಜ್ವರ ಎದ್ದವೆ ಅಂದರೆ ಪೊರೆ ಕಳಚಿ ಎದ್ದವೆ, ಹಸಿದಿವೆ, ಸೊಪ್ಪು ಹಾಕಿ ಎಂದು ಅರ್ಥ. ಮನೆಯಲ್ಲಿ ಎಲ್ಲರೂ ಕಾಯುವ ಒಳ್ಳೆಯ ಮಾತು ಅದು. ಮನುಷ್ಯರಿಗೆ ಜ್ವರ ಎದ್ದಿದೆ ಅಂದರೆ ಅದರ ಅರ್ಥ ಬೇರೆ, ಜ್ವರ ಏರಿದೆ ಎಂದು. ಎರಡೂ ಮಾತು ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದವು, ಒಂದಕ್ಕೊಂದು ಅಡ್ಡ ಬಂದಿರಲಿಲ್ಲ.

ಪ್ಲಸ್ ಒಂಬತ್ತು, ಗುರುವಾರ. ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅವು ಎದ್ದಾಗ ಹಾಕಲು ಅಪ್ಪ ಸೊಪ್ಪು ಕೊಯ್ಯಲು ಹೋಗಿದ್ದರು. ಫೋನನ್ನು ಹೊಲಕ್ಕೆ ಒಯ್ಯುವ ರೂಢಿ ಅವರಿಗಿಲ್ಲ. ನನ್ನ ಫೋನ್ ಪರೀಕ್ಷೆಯ ಕೋಣೆಯ ಹೊರಗೆ ಬ್ಯಾಗಿನಲ್ಲಿ ಆಫ್ ಆಗಿತ್ತು. ಹನ್ನೊಂದರ ಸುಮಾರಿಗೆ ಅಮ್ಮ ಅಪ್ಪನ ನಂಬರಿಗೆ ಮಾಡಿದರು, ಹುಳದ ಮನೆಯಲ್ಲಿದ್ದ ಅಜ್ಜಿ ಎತ್ತಿಕೊಂಡರು. ಅಮ್ಮ ಮಾಸ್ಕ್ ಒಳಗಿನಿಂದ, ಪ್ಲಾಸ್ಟಿಕ್ ಹೊದಿಕೆಯ ಫೋನಿನಲ್ಲಿ ಹೇಳಿದ್ದು ಹೀಗೆ:

"ಅತ್ತೆ, ಮೊಗೀಗೆ ಜ್ವರ ಎದ್ದದೆ. ದೊಡ್ಡೋಳ್ನ ಕಳ್ಸಿ."

ಅಷ್ಟರಲ್ಲಿ ನರ್ಸ್ ಕರೆದರು, ಅಮ್ಮ ಫೋನ್ ಇಟ್ಟರು. ಅಜ್ಜಿಗೆ ಕೇಳಿಸಿದ್ದು 'ಮೊಗ ಜ್ವರ ಎದ್ದದೆ'. ನಡುವಿನ ಒಂದು 'ಗೆ' ಎಲ್ಲೋ ಬಿದ್ದುಹೋಗಿತ್ತು.

ನಾನು ಮೂರೂವರೆಗೆ ಮನೆಗೆ ಬಂದಾಗ ಅಜ್ಜಿಯ ಮುಖ ಹಗುರವಾಗಿತ್ತು. "ಮೊಗ ಜ್ವರ ಎದ್ದದಂತೆ ಕಣಮ್ಮಿ. ನಿಮ್ಮವ್ವ ಪೋನ್ ಮಾಡಿದ್ಲು. ನಿನ್ನ ಬರೇಳು ಅಂದ್ಲು, ನೋಡ್ಬೇಕು ಅಂತ ಇರ್ಬೇಕು. ಪರೀಕ್ಸೆ ಮುಗಿಸ್ಕಂಡು ಓಗು."

ಹುಳದ ಮನೆಯ ಬಾಗಿಲಲ್ಲಿ, ಕೈಯಲ್ಲಿ ಸೊಪ್ಪು ಹಿಡಿದು ಹೇಳಿದ ಮಾತು. ನನಗೂ ಅದು ಬೇರೆ ರೀತಿ ಕೇಳಿಸಲಿಲ್ಲ. ಅಮ್ಮನಿಗೆ ಒಂದು ಸಲ ಮಾಡಿದೆ, ಎತ್ತಲಿಲ್ಲ. ಮಲಗಿರಬೇಕು ಎಂದುಕೊಂಡೆ. ಪ್ಲಸ್ ಒಂಬತ್ತರ ಜ್ವರದ ಅಂಕಣದಲ್ಲಿ 'ಬಿಟ್ಟಿತು' ಎಂದು ಬರೆದೆ. ಗುಂಡ್ಲುಪೇಟೆಯ ಮಾವನಿಗೂ ಹೇಳಿದೆ. ಅಪ್ಪ ಬಂದು ಕೇಳಿ, ಕೈಕಾಲು ತೊಳೆದು ಕೂತು ಎರಡು ಮುದ್ದೆ ಉಂಡರು. ಬೆಂಗಳೂರಿನಿಂದ ಬಂದ ಮೇಲೆ ಅವರು ಒಂದರ ಮೇಲೆ ಉಂಡಿರಲಿಲ್ಲ. ಉಂಡಾದ ಮೇಲೆ, "ಆ ಡಾಕ್ಟ್ರಮ್ಮ ಹೇಳಿದ್ದು ದಿಟವೇ ಆಯ್ತದೆ ಅನ್ನಿಸ್ತದೆ" ಅಂದರು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಅಮ್ಮನ ಫೋನ್ ಬಂತು. ನಾನು ಪೆನ್ನು ಹಿಡಿದು, ಎಷ್ಟು ಅಂದೆ.

"ಎಷ್ಟು ಅಂತಿಯಲ್ಲ, ಎಲ್ಲಿದ್ದೀಯ? ಬಸ್ಸು ಇಳಿದಿಲ್ವ ಇನ್ನೂವೆ?"

ಹಿಂದಿನ ದಿನದಿಂದ ತಂಗಿಯ ಜ್ವರ ನೂರಮೂರರಿಂದ ಇಳಿದಿರಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಷ್ಟು ಹಾಕಿದರೂ ನಿಲ್ಲುತ್ತಿರಲಿಲ್ಲ, ಮೂಗಿನಲ್ಲಿ ರಕ್ತ. ಹೊರಗಿನವರ ಪ್ಲೇಟ್‌ಲೆಟ್ ಅವಳ ಮೈಯಲ್ಲಿ ಉಳಿಯುತ್ತಿಲ್ಲ, ಅಕ್ಕನದು ಹೊಂದುತ್ತದೆ, ಅವಳನ್ನು ಕರೆಸಿ ಎಂದು ಡಾಕ್ಟರ್ ಹೇಳಿದ್ದರು. ನಾನು ಗುರುವಾರ ಸಂಜೆಗೆ ಅಲ್ಲಿರಬೇಕಾಗಿತ್ತು. ಪರೀಕ್ಷೆ ಮುಗಿಸಿ ರಾತ್ರಿಯ ಬಸ್ಸು ಹತ್ತಿರಬೇಕು ಎಂದುಕೊಂಡು ಅಮ್ಮ ಅಲ್ಲಿಯವರೆಗೆ ಫೋನ್ ನೋಡಿರಲಿಲ್ಲ.

ಅಪ್ಪ ಜಗಲಿಯಲ್ಲಿ ಕೂತಿದ್ದರು. ನಾನು ಹೇಳಿದೆ. ಅವರು ಅಜ್ಜಿಯನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. "ಕರೆಂಟ್ ಕೊಡುಸ್ಬೇಕಾಗಿತ್ತು" ಅಂದರು. ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲ, ಕೊಡಿಸಿದ್ದರೂ ಬಾಯಿಹುಣ್ಣು, ಜ್ವರ ಎಲ್ಲ ಬರುತ್ತಿತ್ತು ಎಂದು ನಾನು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಾನು ಬ್ಯಾಗ್ ತೆಗೆದುಕೊಂಡು ಹೊರಡುವಾಗ, "ನನ್ ಕಿವಿ ಸುಟ್ಟೋಗ್ಲಿ" ಅಂದರು. ಅದು ಕಿವಿಯ ತಪ್ಪಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳಿಸುತ್ತಿತ್ತು ಎಂದು ಹೇಳಲು ನನಗೆ ಆಗ ಸಮಯವಿರಲಿಲ್ಲ. ಆಮೇಲೆ ಹೇಳಿದೆ.

ಅಪ್ಪ ಬೈಕಿನಲ್ಲಿ ಸಂತೆಮರಹಳ್ಳಿಗೆ ಬಿಟ್ಟರು. ಅಲ್ಲಿ ಬೆಂಗಳೂರಿನ ಬಸ್ಸು ಒಂಬತ್ತು ಹತ್ತಕ್ಕೆ ಸಿಕ್ಕಿತು. ಕೊಳ್ಳೇಗಾಲ, ಮಳವಳ್ಳಿ, ಕನಕಪುರ. ಪ್ರತಿ ನಿಲ್ದಾಣದಲ್ಲೂ ಬಸ್ಸು ನಿಂತ ನಿಮಿಷಗಳನ್ನು ಬರೆದಿಟ್ಟಿದ್ದೇನೆ, ಒಟ್ಟು ಮೂವತ್ತೆಂಟು. ಬೇರೆ ಮಾಡಲು ಏನೂ ಇರಲಿಲ್ಲ. ಆಸ್ಪತ್ರೆ ತಲುಪಿದ್ದು ಎರಡೂ ಇಪ್ಪತ್ತಕ್ಕೆ. ನನ್ನ ರಕ್ತ ಪರೀಕ್ಷೆ ಮಾಡಿ, ಕೊಡಬಹುದು ಅಂದರು. ಮತ್ತೆ ಅದೇ ಯಂತ್ರ, ಈ ಸಲ ಒಂದೂವರೆ ಗಂಟೆ. ಹಳದಿ ಬಣ್ಣದ ಚೀಲ. ಆರು ಗಂಟೆಗೆ ಅದು ತಂಗಿಗೆ ಹೋಯಿತು. ನಾವು ತಡ ಮಾಡಿದ್ದು ಒಟ್ಟು ಇಪ್ಪತ್ತು ಗಂಟೆಯ ಹತ್ತಿರ. ಅದರಿಂದ ಏನಾದರೂ ಕೆಟ್ಟಿತೇ ಎಂದು ನಾನು ಡಾಕ್ಟರನ್ನು ಕೇಳಿದೆ. ಈಗ ಬಂದೆಯಲ್ಲ, ಅಂದರು. ಅದು ಉತ್ತರವಲ್ಲ ಎಂದು ನನಗೆ ಗೊತ್ತಾಯಿತು, ಮತ್ತೆ ಕೇಳಲಿಲ್ಲ. ಹಳೆಯ ಸಾಲು ಹೊಡೆದು, 'ಜ್ವರ ೧೦೩, ಮೂಗಿನಲ್ಲಿ ರಕ್ತ, ನಾನು ಬರಲಿಲ್ಲ' ಎಂದು ಬರೆದೆ.

ಮೂಗಿನ ರಕ್ತ ಅಂದೇ ನಿಂತಿತು. ಜ್ವರ ಪ್ಲಸ್ ಹನ್ನೆರಡರವರೆಗೂ ಇತ್ತು. ನಾನು ಆಸ್ಪತ್ರೆಯ ಎದುರು ರೋಗಿಗಳ ಕಡೆಯವರಿಗೆ ಕೊಡುವ ಕೋಣೆಯಲ್ಲಿ ಉಳಿದೆ, ಪರೀಕ್ಷೆ ಎರಡು ಹೋದವು. ಪ್ಲಸ್ ಹದಿಮೂರರ ಬೆಳಿಗ್ಗೆ ಎಣಿಕೆ ನೂರ ತೊಂಬತ್ತು. ಹದಿನಾಲ್ಕು, ನಾನೂರ ಹತ್ತು. ಹದಿನೈದು, ಎಂಟುನೂರು. ಹದಿನಾರು, ಸಾವಿರದ ಇನ್ನೂರು. ಹದಿನೇಳು, ಎರಡು ಸಾವಿರದ ಮೇಲೆ. ಮೂರು ದಿನ ಆಯಿತು ಎಂದು ಅಪ್ಪನಿಗೆ ಫೋನ್ ಮಾಡಿದೆ. ಯಾರ ಕಣ, ಅವಳದ್ದೋ ನಿನ್ನದೋ ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಹಳೆಯದೇ ಉಳಿದು ಎದ್ದಿರಬಹುದಲ್ಲ. ಅದಕ್ಕೆ ಪ್ಲಸ್ ಮೂವತ್ತರಲ್ಲಿ ಬೇರೆ ಪರೀಕ್ಷೆ ಇದೆ ಅಂದೆ. ಹಾಗಾದರೆ ಆಗಲೇ ಹೇಳು ಅಂದರು.

ಪ್ಲಸ್ ಮೂವತ್ತರ ಪರೀಕ್ಷೆಯಲ್ಲಿ ತಂಗಿಯ ರಕ್ತವೆಲ್ಲ ನನ್ನದೇ ಎಂದು ಬಂತು. ತಂಗಿಗೆ ಇದು ಬಹಳ ಉಪಯೋಗಕ್ಕೆ ಬಂತು. ಮಾತ್ರೆ ಉಗಿದಾಗ, ಹಟ ಮಾಡಿದಾಗ, "ನಾನಲ್ಲ ಕಣಕ್ಕ, ನಿನ್ ಸೆಲ್ಲು" ಅನ್ನತೊಡಗಿದಳು. ಗಣಿತದಲ್ಲಿ ತಪ್ಪಾದಾಗ ಹಾಗೆ ಹೇಳುವಂತಿಲ್ಲ, ಅದು ನಿನ್ನದೇ ಅಂದೆ.

ಪ್ಲಸ್ ನೂರು, ಗುರುವಾರ. ಮಜ್ಜೆ ತೆಗೆದು ಅದೇ ಆಳದ ಪರೀಕ್ಷೆಗೆ ಕಳಿಸಿದರು. ಈ ಸಲ ವರದಿಗೆ ಹದಿನೈದು ದಿನ. ಅಪ್ಪ ಆ ಹದಿನೈದು ದಿನ ಬೆಂಗಳೂರಿನಲ್ಲೇ ಇದ್ದರು. ಕಸಿಯ ಮಕ್ಕಳ ತಂದೆಯರು ಕೂರುವ ಕಟ್ಟೆಯಲ್ಲಿ ಕೂತು, ಯಾರ ಮಗುವಿಗೆ ಕರೆಂಟ್ ಕೊಟ್ಟರು, ಯಾರಿಗೆ ಇಲ್ಲ ಎಂದು ವಿಚಾರಿಸುತ್ತಿದ್ದರು. ಕೊಟ್ಟವರಲ್ಲಿ ಚೆನ್ನಾಗಿದ್ದವರೂ ಇದ್ದರು, ಇಲ್ಲದವರೂ ಇದ್ದರು. ಕೊಡದವರಲ್ಲೂ ಹಾಗೇ. ಲೆಕ್ಕ ಕೂಡುತ್ತಿಲ್ಲ ಎಂದು ನನಗೆ ಹೇಳಿದರು. ಆರು ಜನರನ್ನು ಕೇಳಿದರೆ ಲೆಕ್ಕ ಕೂಡುವುದಿಲ್ಲ ಅಪ್ಪ ಅಂದೆ. ವರದಿ ಬಂತು, ಪತ್ತೆಯಾಗಿಲ್ಲ. ಅಪ್ಪ ಎರಡು ಸಲ ಓದಿಸಿದರು. ಎರಡನೇ ಸಲ 'ಹುಡುಕಿದಷ್ಟರಲ್ಲಿ' ಎಂದು ನಾನು ಸೇರಿಸಿದೆ. ಸೇರಿಸದೆ ಓದು ಅಂದರು.

ಊರಿನ ಮನೆಗೆ ಹೋಗುವಂತಿರಲಿಲ್ಲ. ಹುಳದ ಕಸ, ಒದ್ದೆ ಸೊಪ್ಪಿನ ಬೂಷ್ಟು, ಅದರ ಧೂಳು ಅವಳ ಎದೆಗೆ ಆಗದು ಎಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು. ಮಾವ ಗುಂಡ್ಲುಪೇಟೆಯಲ್ಲಿ ತಮ್ಮ ಬೀದಿಯಲ್ಲೇ ಎರಡು ಕೋಣೆಯ ಮನೆ ಹಿಡಿದು ಸುಣ್ಣ ಬಳಿಸಿದರು. ಅಮ್ಮ ತಂಗಿ ಅಲ್ಲಿ. ಅಪ್ಪ ಅಜ್ಜಿ ಊರಲ್ಲಿ ಹುಳು ನೋಡಿಕೊಂಡು ಇದ್ದರು. ಅಪ್ಪ ಭಾನುವಾರ ಬರುತ್ತಿದ್ದರು. ಬರುವ ಮುಂಚೆ ಊರಲ್ಲೇ ಸ್ನಾನ, ಇಲ್ಲಿ ಬಂದು ಮತ್ತೆ ಸ್ನಾನ, ಬೇರೆ ಬಟ್ಟೆ. ನಾನು ಚಾಮರಾಜನಗರದಿಂದ ಶನಿವಾರ ಮಧ್ಯಾಹ್ನದ ಬಸ್ಸಿಗೆ. ಅಜ್ಜಿ ಮಾತ್ರ ಐದು ತಿಂಗಳು ಬರಲಿಲ್ಲ. ಹುಳದ ಮನೆ ವಾಸನೆ ಮೈಯಿಂದ ಹೋಗುವುದಿಲ್ಲ ಎಂದು ಕಾರಣ ಹೇಳುತ್ತಿದ್ದರು. ಕೊನೆಗೆ ಬಂದಾಗ ಬಾಗಿಲಲ್ಲೇ ನಿಂತು ತಂಗಿಯನ್ನು ನೋಡಿ, ಉದ್ದ ಆಗಿದ್ದೀಯಲ್ಲ ಕಣಮ್ಮಿ ಅಂದರು. ಅಳತೆ ನನ್ನ ಹತ್ತಿರ ಇತ್ತು. ಕಸಿಯ ದಿನದಿಂದ ಎರಡೂವರೆ ಸೆಂಟಿಮೀಟರ್.

ಒಂದು ವರ್ಷದ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಆಗ ಡಾಕ್ಟರ್ ಇನ್ನೊಂದು ವಿಷಯ ಹೇಳಿದರು. ಹಳೆಯ ಮಜ್ಜೆಯ ಜೊತೆಗೆ ಅದು ಕಲಿತದ್ದೂ ಹೋಯಿತು, ಚಿಕ್ಕವಳಿದ್ದಾಗ ಹಾಕಿಸಿದ ಲಸಿಕೆಗಳು ಈಗ ಲೆಕ್ಕಕ್ಕಿಲ್ಲ, ಮೊದಲಿಂದ ಹಾಕಿಸಬೇಕು. ಯಾವುದು ಈಗ, ಯಾವುದು ಆಮೇಲೆ ಎಂದು ಚೀಟಿ ಬರೆದುಕೊಟ್ಟರು.

ಹೀಗೆ ಒಂದು ಗುರುವಾರ ಗುಂಡ್ಲುಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ, ಎಳೆಕೂಸುಗಳ ಲಸಿಕೆಯ ಸಾಲಿನಲ್ಲಿ, ಒಂಬತ್ತು ವರ್ಷದ ನನ್ನ ತಂಗಿ ಮಾಸ್ಕ್ ಹಾಕಿಕೊಂಡು ಕೂತಳು. ಜೊತೆಗೆ ಅಪ್ಪ, ನಾನು. ನಮ್ಮ ಮುಂದೆ ಹದಿನಾಲ್ಕು ತಾಯಂದಿರು. ಮಡಿಲಲ್ಲಿದ್ದ ಕೂಸುಗಳೆಲ್ಲ ಅವಳನ್ನೇ ನೋಡುತ್ತಿದ್ದವು.

ಪಕ್ಕದಲ್ಲಿ ಕೂತಿದ್ದ, ಮೊಮ್ಮಗುವನ್ನು ಎತ್ತಿಕೊಂಡು ಬಂದಿದ್ದ ಹೆಂಗಸು, "ಇಷ್ಟುದ್ದ ಕೂಸ್ಗೆ ಏನ್ ಸೂಜಿ? ಮರ್ತ್ಬುಟ್ಟಿದ್ರಾ?" ಎಂದು ಕೇಳಿದರು.

"ನಂಗೆ ಒಂದೇ ವರ್ಷ" ಎಂದು ತಂಗಿ ಅಂದಳು. "ಮೈಗೆ ಒಂಬತ್ತು, ರಕ್ತಕ್ಕೆ ಒಂದು."

ಹೆಂಗಸು ನಕ್ಕರು, ಆಮೇಲೆ ಅಪ್ಪನ ಮುಖ ನೋಡಿ ನಗು ನಿಲ್ಲಿಸಿದರು. ಅಪ್ಪ ಕಾಯಿಲೆಯ ಹೆಸರು ಹೇಳಿದರು. ನಮ್ಮ ಮನೆಯ ಹೊರಗೆ ಅವರು ಆ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೆಂಗಸು ತಮ್ಮ ನಾದಿನಿಗೂ ಅಂಥದ್ದೇ ಆಗಿತ್ತು, ಬೇರೆ ಕಡೆ, ಮೂವತ್ತು ಕರೆಂಟ್ ಕೊಡಿಸಿದ್ದೆವು ಅಂದರು.

"ಇವಳಿಗೆ ಎಷ್ಟ್ ಕೊಡಿಸಿದ್ರಿ?"

"ಇವಳಿಗೆ ಕೊಡುಸ್ಲಿಲ್ಲ" ಅಂದರು ಅಪ್ಪ.

"ಕರೆಂಟ್ ಇಲ್ದೇಯಾ? ಅಷ್ಟೇ ಸಾಕಾಯ್ತದಾ?"

ಅಪ್ಪ ತಂಗಿಯ ಕಡೆ ನೋಡಿದರು. ಅವಳು ಬೆಂಚಿನ ಮೇಲೆ ಕೂತು, ಕಾಲು ನೆಲಕ್ಕೆ ತಾಕುತ್ತದೆಯೇ ಎಂದು ಹೆಬ್ಬೆರಳು ಚಾಚಿ ನೋಡುತ್ತಿದ್ದಳು. ತಾಕುತ್ತಿತ್ತು.

"ಇವತ್ತಿನ್ಗಂಟ ಸಾಕಾಯ್ತು ಕಣಮ್ಮ" ಅಂದರು.

ಒಳಗಿನಿಂದ ಸಿಸ್ಟರ್ ಕೂಗಿದರು. ಅಪ್ಪ ಎದ್ದು, ತಂಗಿಯ ಅಂಗಿಯ ತೋಳು ಮಡಿಸಿ, ಚೀಟಿಯನ್ನು ತಾವೇ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೇ ಕೂತೆ.